ತೆಳುವಾದ ಕೆಂಪು

ಬಿ.ಎಸ್ಸಿ. ಮುಗಿಸಿ ಎರಡು ವರ್ಷ ತರೀಕೆರೆಯ ಮನೆಯಲ್ಲಿ ಟ್ಯೂಷನ್ ಹೇಳಿಕೊಂಡಿದ್ದ ನನಗೆ, ಕಡೂರಿನಲ್ಲಿ ಕುಡಿಯುವ ನೀರು ಪರೀಕ್ಷೆ ಮಾಡುವ ಲ್ಯಾಬೊಂದರಲ್ಲಿ ಗುತ್ತಿಗೆ ಕೆಲಸ ಸಿಕ್ಕಿತು. ಎರಡೇ ಕೋಣೆಯ ಲ್ಯಾಬು. ಇದ್ದವರೂ ಇಬ್ಬರೇ, ನಾನು ಮತ್ತು ನನಗಿಂತ ಮೂವತ್ತು ವರ್ಷ ಹಿರಿಯರಾದ ಮೇಡಂ. ಅವರು ಶಿವನಿ ಕಡೆಯವರು. ಬೆಳಗ್ಗೆ ತೆಂಗಿನ ತೋಟಕ್ಕೆ ಮೋಟಾರು ಹಾಕಿ, ಅಡುಗೆ ಮುಗಿಸಿ, ಬೀರೂರಿನವರೆಗೆ ರೈಲು, ಅಲ್ಲಿಂದ ಬಸ್ಸು. ನಾನು ತರೀಕೆರೆಯಿಂದ ಏದುಸಿರು ಬಿಡುತ್ತಾ ಬರುವಷ್ಟರಲ್ಲಿ ಅವರು ಬಿಳಿ ಕೋಟು ಹಾಕಿಕೊಂಡು ಕೂತಿರುತ್ತಿದ್ದರು.

ಮೊದಲ ವಾರ ಅವರು ನನಗೆ ನೀರಿನ ಬಣ್ಣ ಎಷ್ಟು ಗಾಢವೆಂದು ಅಳೆಯುವ ಕಲರಿಮೀಟರ್ ಮುಟ್ಟಲು ಬಿಡಲಿಲ್ಲ. ನೀರು ತುಂಬುವ ಪುಟ್ಟ ಗಾಜಿನ ಕ್ಯುವೆಟ್‌ಗಳನ್ನು ತೊಳೆಯುವುದು, ಒರೆಸುವುದು, ಮಬ್ಬಾದ ಬದಿಯಲ್ಲೇ ಹಿಡಿಯುವುದು, ಇಷ್ಟೇ ಕೆಲಸ. ಬೆರಳಿನ ಗುರುತು ಬಿದ್ದರೆ ಬೆಳಕು ಅದನ್ನೂ ಲೆಕ್ಕಕ್ಕೆ ತಗೊಳ್ಳುತ್ತದೆ ಎಂದು ಹೇಳಿದರು. ನನಗೆ ಬೇಸರವಾಗಿತ್ತು. ಪದವಿ ಪಡೆದದ್ದು ಗಾಜು ಒರೆಸಲಿಕ್ಕೋ ಎಂದು ರೈಲಿನಲ್ಲಿ ಗೊಣಗಿಕೊಂಡದ್ದುಂಟು.

ಎರಡನೇ ವಾರ ಅವರು ನನ್ನನ್ನು ಕಿಟಕಿಯ ಹತ್ತಿರ ಕರೆದು, ತಮ್ಮ ವಾಯಿಲ್ ಸೀರೆಯ ಸೆರಗನ್ನು ಬಿಸಿಲಿಗೆ ಹಿಡಿದರು. ಒಂದು ಪದರ ಅರ್ಧ ಬೆಳಕನ್ನು ತಿಂದಿತು ಅಂದುಕೋ, ಎರಡು ಪದರ ಹಿಡಿದರೆ ಎಷ್ಟು ಉಳಿಯಬೇಕು ಎಂದು ಕೇಳಿದರು. ಏನೂ ಉಳಿಯುವುದಿಲ್ಲ ಎಂದು ನಾನು ಥಟ್ಟನೆ ಹೇಳಿದೆ. ಅವರು ಸೆರಗನ್ನು ಮಡಿಸಿ ಹಿಡಿದರು. ಬೆಳಕು ಇನ್ನೂ ಬರುತ್ತಲೇ ಇತ್ತು. ಮತ್ತೊಂದು ಸಲ ಮಡಿಸಿದರು, ಆಗಲೂ ಮಂಕಾಗಿ ಬಂತು. ಪ್ರತಿ ಪದರವೂ ತನಗೆ ಬಂದು ತಲುಪಿದ್ದರಲ್ಲಿ ಅರ್ಧ ತಿನ್ನುತ್ತದೆಯೇ ಹೊರತು ಮೊದಲಿದ್ದದ್ದರಲ್ಲಿ ಅರ್ಧವಲ್ಲ ಎಂದು ವಿವರಿಸಿದರು. ಕಾಲೇಜಿನಲ್ಲಿ ಇದೇ ವಿಷಯದ ಲಾಗರಿದಮ್ಮಿನ ಸೂತ್ರವನ್ನು ಬಾಯಿಪಾಠ ಮಾಡಿ ಅಂಕ ತೆಗೆದಿದ್ದೆ. ಅದರ ಅರ್ಥ ಗೊತ್ತಾದದ್ದು ಅವತ್ತು.

ನಮ್ಮ ಕಡೆಯ ಬೋರ್‌ವೆಲ್ ನೀರಿನಲ್ಲಿ ಮುಖ್ಯವಾಗಿ ನೋಡಬೇಕಾದದ್ದು ಫ್ಲೋರೈಡ್. ಅದು ಹೆಚ್ಚಿದ್ದರೆ ಮಕ್ಕಳ ಹಲ್ಲಿಗೆ ಕಂದು ಕಲೆ ಬರುತ್ತದೆ, ವರ್ಷಗಟ್ಟಲೆ ಕುಡಿದರೆ ಮೂಳೆಗೂ ತೊಂದರೆ. ಅದನ್ನು ಅಳೆಯಲು ನೀರಿಗೆ ಒಂದು ಕೆಂಪು ದ್ರಾವಣ ಬೆರೆಸುತ್ತೇವೆ. ಫ್ಲೋರೈಡ್ ಹೆಚ್ಚಿದ್ದಷ್ಟೂ ಆ ಕೆಂಪು ತೆಳುವಾಗುತ್ತದೆ. ಕೆಂಪು ನೀರು ಕೆಂಪು ಬೆಳಕನ್ನು ಹಾಗೇ ಬಿಟ್ಟುಕೊಟ್ಟು ಹಸಿರು, ಹಳದಿ ಕಡೆಯ ಬೆಳಕನ್ನು ನುಂಗುತ್ತದೆ. ಆದ್ದರಿಂದ ಆ ಬಣ್ಣದ ಬೆಳಕನ್ನೇ ಹಾಯಿಸಿ, ಎಷ್ಟು ನುಂಗಿತು ಎಂದು ನೋಡುತ್ತೇವೆ. ಕಡಿಮೆ ನುಂಗಿದರೆ ಕೆಂಪು ತೆಳುವಾಗಿದೆ ಎಂದರ್ಥ. ಬೇಗ ಕಲಿತೆ. ಬೇಗ ಕಲಿತೆನೆಂಬ ಜಂಬವೂ ಬಂತು.

ಒಂದು ಬೇಸಿಗೆಯಲ್ಲಿ ಮೇಡಂ ಮನೆಯ ಮದುವೆಗೆಂದು ಮೂರು ದಿನ ರಜೆ ಹಾಕಿದರು. ಆಗ ಅಜ್ಜಂಪುರದ ಆಚೆಯ ಒಂದು ಊರಿನಿಂದ ನಲ್ಲಿ ನೀರಿನ ಬಾಟಲಿ ಬಂತು. ದ್ರಾವಣ ಹಾಕಿದೆ, ಕೆಂಪು ತೀರಾ ತೆಳುವಾಯಿತು. ಮೀಟರು ಮಿತಿ ಮೀರಿದ ಫ್ಲೋರೈಡ್ ತೋರಿಸಿತು. ಇನ್ನೊಮ್ಮೆ ಮಾಡಿದೆ, ಅಷ್ಟೇ ಬಂತು. ನಾನೇ ವರದಿ ಕಳಿಸಿದೆ. ಊರಿನವರು ಆ ನಲ್ಲಿಗೆ ಕೆಂಪು ಬಣ್ಣ ಬಳಿದು ಮುಚ್ಚಿದರು. ಒಂದು ಊರನ್ನು ಕಾಪಾಡಿದೆನೆಂದು ನನಗೆ ಹೆಮ್ಮೆಯಾಗಿತ್ತು.

ಹತ್ತು ದಿನ ಕಳೆದ ಮೇಲೆ ಅದೇ ಊರಿನ ಹೆಂಗಸೊಬ್ಬರು ಅದೇ ನೀರು ತುಂಬಿದ ಎರಡು ಲೀಟರಿನ ಬಾಟಲಿ ಹಿಡಿದು ಲ್ಯಾಬಿಗೆ ಬಂದರು. ಅರವತ್ತರ ಮೇಲಿನ ವಯಸ್ಸು. ಊರಿನ ಹೆಂಗಸರೆಲ್ಲ ಈಗ ರೈಲು ಹಳಿ ದಾಟಿ ಯಾರದೋ ಹೊಲದ ಬೋರಿನಿಂದ ನೀರು ಹೊರುತ್ತಿದ್ದಾರೆ ಎಂದರು.

"ಮೂವತ್ತು ವರ್ಷ ಅದೇ ನೀರು ಕುಡ್ದಿದೀವಿ ಕಣ್ರೀ. ನಮ್ಮೂರ್ ಮಕ್ಳ ಹಲ್ಲು ನೋಡಿ, ಒಂದ್ರಲ್ಲೂ ಕಲೆ ಇಲ್ಲ. ನಿಮ್ಮ ಮಿಷನ್ ಏನ್ ನೋಡ್ತೋ ನಂಗೊತ್ತಿಲ್ಲ."

ಮಿಷನ್ ಸುಳ್ಳು ಹೇಳುವುದಿಲ್ಲ ಎಂದು ನಾನು ತುಸು ಗಡುಸಾಗಿಯೇ ಹೇಳಿದೆ. ಮೇಡಂ ನನ್ನ ಕಡೆ ನೋಡದೆ, ಅವರನ್ನು ಕುರ್ಚಿಯಲ್ಲಿ ಕೂರಿಸಿ ನಿಧಾನವಾಗಿ ವಿಚಾರಿಸಿದರು. ಹೋದ ಸಲ ಕಳಿಸಿದ ಬಾಟಲಿ ತುಂಬಿದ್ದು ಯಾರು, ಎಲ್ಲಿ, ಯಾವಾಗ? ನೀರುಗಂಟಿ ಹಿಂದಿನ ದಿನ ಟ್ಯಾಂಕು ತೊಳೆಸಿ ಬ್ಲೀಚಿಂಗ್ ಪೌಡರ್ ಹಾಕಿದ್ದ, ಮಾರನೇ ಬೆಳಗ್ಗೆ ಟ್ಯಾಂಕಿನ ಕೆಳಗಿನ ನಲ್ಲಿಯಿಂದಲೇ ತುಂಬಿ ಕಳಿಸಿದ ಎಂದು ಆಕೆ ಹೇಳಿದರು.

ಮೇಡಂ ನನ್ನ ನೋಟ್‌ಬುಕ್ ತರಿಸಿಕೊಂಡು ಓದಿದರು. ಆಮೇಲೆ ಮೆಲ್ಲಗೆ ಕೇಳಿದರು, "ಆ ಒಂದು ಹನಿ ಹಾಕಿದ್ಯಾ?"

ಹಾಕಿರಲಿಲ್ಲ. ನೀರಿನಲ್ಲಿ ಬ್ಲೀಚಿಂಗ್ ಪೌಡರಿನ ಕ್ಲೋರಿನ್ ಇದ್ದರೆ ಅದನ್ನು ಇಲ್ಲವಾಗಿಸಲು ಮೊದಲು ಹಾಕಬೇಕಾದ ಹನಿ ಅದು. ಅವರೇ ಹೇಳಿಕೊಟ್ಟದ್ದು.

ಅವರು ಬೈಯಲಿಲ್ಲ. ಫ್ಲೋರೈಡ್ ಇಲ್ಲವೇ ಇಲ್ಲದ ಶುದ್ಧ ನೀರು ತೆಗೆದುಕೊಂಡು, ಚಿಟಿಕೆಗಿಂತ ಕಡಿಮೆ ಬ್ಲೀಚಿಂಗ್ ಪೌಡರ್ ಕದಡಿ, ಕೆಂಪು ದ್ರಾವಣ ಹಾಕಿದರು. ನಮ್ಮ ಕಣ್ಣೆದುರೇ ಕೆಂಪು ತೆಳುವಾಯಿತು. ಮೀಟರಿನಲ್ಲಿಟ್ಟು ನನ್ನ ಕೈಯಲ್ಲೇ ಓದಿಸಿದರು. ಅಂಕಿಯ ಪ್ರಕಾರ ಫ್ಲೋರೈಡ್ ಮಿತಿ ಮೀರಿತ್ತು.

"ಮೀಟರು ಸುಳ್ಳು ಹೇಳ್ಲಿಲ್ಲ ಕಣಮ್ಮ. ಎಷ್ಟು ಬೆಳಕು ದಾಟಿ ಬಂತು ಅಂತ ಹೇಳ್ತು, ಅಷ್ಟೇ. ಕೆಂಪು ಯಾಕೆ ಕಮ್ಮಿಯಾಯ್ತು ಅಂತ ನಾವು ಕೇಳ್ಬೇಕಿತ್ತು."

ಆಕೆ ತಂದ ಬಾಟಲಿಯನ್ನೂ ಹನಿ ಹಾಕಿ ನೋಡಿದೆವು, ಮಿತಿಯೊಳಗಿತ್ತು. ಆದರೂ ಮೇಡಂ ನೀರು ಒಳ್ಳೆಯದಿದೆ ಎಂದು ಬಾಯಿಬಿಟ್ಟು ಹೇಳಲಿಲ್ಲ. ಯಾರೋ ತುಂಬಿ ತಂದ ನೀರಿನ ಮೇಲೆ ಒಮ್ಮೆ ತಪ್ಪಾಗಿದೆ, ನಾಳೆ ನಾವೇ ಬಂದು ತುಂಬಿಕೊಳ್ಳುತ್ತೇವೆ ಎಂದರು.

ಮಾರನೇ ದಿನ ಬ್ಯಾಟರಿಯ ಪುಟ್ಟ ಮೀಟರನ್ನು ಚೀಲದಲ್ಲಿಟ್ಟುಕೊಂಡು ರೈಲಿನಲ್ಲಿ ಅಜ್ಜಂಪುರಕ್ಕೆ ಹೋಗಿ, ಅಲ್ಲಿಂದ ಆಟೋ ಹಿಡಿದೆವು. ಮೇಡಂ ಬೋರಿನ ಬಾಯಿಂದ ಒಂದು, ಟ್ಯಾಂಕಿನ ನಲ್ಲಿಯಿಂದ ಒಂದು ಬಾಟಲಿ ತುಂಬಿಕೊಂಡರು. ಅಂಗನವಾಡಿಯ ಜಗಲಿಯ ಮೇಲೆ ಬಿಳಿ ಕಾಗದ ಹಾಸಿ, ಫ್ಲೋರೈಡ್ ಇಲ್ಲದ ನೀರು, ಮಿತಿಯಷ್ಟಿರುವ ನೀರು, ಮಿತಿ ಮೀರಿದ ನೀರು ಎಂದು ಮೂರು ಕೊಳವೆಗಳಲ್ಲಿ ಕೆಂಪು ಮಾಡಿ ಸಾಲಾಗಿ ನಿಲ್ಲಿಸಿದರು. ಪಕ್ಕದಲ್ಲಿ ಆ ಊರಿನ ಎರಡು ಕೊಳವೆ. ಈ ಸಲ ಹನಿ ಹಾಕುವ ಕೆಲಸವನ್ನು ನನಗೇ ಕೊಟ್ಟರು. ಎರಡಕ್ಕೂ ಮೊದಲು ಹನಿ ಹಾಕಿ, ಆಮೇಲೆ ಕೆಂಪು ದ್ರಾವಣ ಬೆರೆಸಿದೆ. ಇಪ್ಪತ್ತು ಜನ ಹೆಂಗಸರು ಬಗ್ಗಿ ನೋಡಿದರು. ಮೀಟರು ಹೇಳುವ ಮೊದಲೇ ಅವರಿಗೆ ಕಂಡಿತ್ತು, ಊರಿನ ಎರಡೂ ನೀರು ಮಿತಿಯ ಕೊಳವೆಗಿಂತ ಗಾಢವಾಗಿತ್ತು. ಲ್ಯಾಬಿಗೆ ಬಂದಿದ್ದ ಹೆಂಗಸಿನ ಕೈಯಿಂದಲೇ ಮೇಡಂ ಕ್ಯುವೆಟ್ ಇಡಿಸಿ, ಅಂಕಿ ಓದಿಸಿದರು. ಆಕೆ ಬೆರಳಿನ ಗುರುತು ಬೀಳದ ಹಾಗೆ ಎಷ್ಟು ಜೋಪಾನವಾಗಿ ಹಿಡಿದರೆಂದರೆ, ನಾನು ಹಾಗೆ ಹಿಡಿಯಲು ಒಂದು ವಾರ ಬೇಕಾಗಿತ್ತು.

ಆಮೇಲೆ ಮೇಡಂ ಎದ್ದು ನಿಂತರು. ಸುತ್ತುಬಳಸಲಿಲ್ಲ.

"ಹೋದ್ಸಲ ನಾವು ಕೊಟ್ಟ ವರದಿ ತಪ್ಪು. ಲ್ಯಾಬಿನ ಜವಾಬ್ದಾರಿ ನಂದು. ನಿಮ್ಗೆ ತೊಂದ್ರೆ ಕೊಟ್ವಿ."

ರಜೆಯಲ್ಲಿದ್ದೆ ಎಂದು ಅವರು ಹೇಳಬಹುದಿತ್ತು, ಹೇಳಲಿಲ್ಲ. ಹತ್ತು ದಿನ ಬಿಂದಿಗೆ ಹೊತ್ತವರ ಸೊಂಟ ನೋವಿಗೆ ಯಾರು ಹೊಣೆ ಎಂದು ಒಬ್ಬರು ಕೇಳಿದಾಗಲೂ ತಲೆ ತಗ್ಗಿಸಿ ಕೇಳಿಸಿಕೊಂಡರು. ನನಗೆ ಸುಮ್ಮನೆ ನಿಲ್ಲಲಾಗಲಿಲ್ಲ. ಪರೀಕ್ಷೆ ಮಾಡಿದವಳು, ಹನಿ ಹಾಕದೆ ಬಿಟ್ಟವಳು ನಾನು ಎಂದು ಹೇಳಿಬಿಟ್ಟೆ. ಲ್ಯಾಬಿಗೆ ಬಂದಿದ್ದ ಹೆಂಗಸು ನನ್ನನ್ನು ಒಂದು ಗಳಿಗೆ ದಿಟ್ಟಿಸಿ, ಮಳೆ ಬಿದ್ದ ಮೇಲೆ ಬಂದು ಇನ್ನೊಂದು ಸಲ ನೋಡಬೇಕು, ನೀನೇ ಬರಬೇಕು ಎಂದರು. ಬೈಗುಳಕ್ಕಿಂತ ಅದು ನನ್ನನ್ನು ಹೆಚ್ಚು ತಟ್ಟಿತು.

ಕಡೂರಿಗೆ ವಾಪಸು ಬಂದು ದೊಡ್ಡ ಮೀಟರಿನಲ್ಲಿ ಮತ್ತೊಮ್ಮೆ ನೋಡಿ, ತಿದ್ದುಪಡಿ ಪತ್ರ ಬರೆದು ಮುಗಿಸುವಷ್ಟರಲ್ಲಿ ಸಂಜೆಯಾಯಿತು. ಬೀರೂರಿನ ಪ್ಲಾಟ್‌ಫಾರಂನಲ್ಲಿ ಇಬ್ಬರೂ ಕೂತೆವು, ಅವರಿಗೆ ಶಿವನಿ ಕಡೆಯ ರೈಲು, ನನಗೆ ತರೀಕೆರೆಯದು. ಹಳಿಗಳ ಆಚೆ ಸೂರ್ಯ ಕೆಂಪಾಗಿ ಇಳಿಯುತ್ತಿದ್ದ. ಗಾಳಿ ನೀಲಿಯನ್ನೆಲ್ಲ ನುಂಗಿ ಕೆಂಪನ್ನು ಬಿಟ್ಟುಕೊಡುತ್ತಿದೆ ಅಲ್ಲವೇ ಎಂದು ಅವರನ್ನು ಮೆಚ್ಚಿಸಲು ಕೇಳಿದೆ. ನಸುಕಿನಿಂದ ದುಡಿದು ದಣಿದಿದ್ದ ಅವರು ಹೌದು ಎಂದುಬಿಟ್ಟಿದ್ದರೆ ಸಾಕಿತ್ತು. ಇಲ್ಲ, ಅದು ನುಂಗುವುದಲ್ಲ, ಚದುರಿಸುವುದು. ನುಂಗಿದ ಬೆಳಕು ಬಿಸಿಯಾಗಿ ಮುಗಿದುಹೋಗುತ್ತದೆ, ಚದುರಿದ ನೀಲಿ ಎಲ್ಲೋ ಇನ್ನೊಂದು ಕಡೆ ಯಾರದೋ ಕಣ್ಣಿಗೆ ಆಕಾಶವಾಗಿ ಕಾಣುತ್ತಿರುತ್ತದೆ, ಎರಡನ್ನೂ ಒಂದು ಮಾಡಬೇಡ ಎಂದು ತಾಳ್ಮೆಯಿಂದ ತಿದ್ದಿದರು. ಅಷ್ಟರಲ್ಲಿ ಅವರ ರೈಲು ಬಂತು. ಊಟದ ಡಬ್ಬಿಯ ಚೀಲ ಹೆಗಲಿಗೇರಿಸಿ, ನಾಳೆ ಬೇಗ ಬಾ, ತುಂಬಾ ಬಾಟಲಿ ಉಳಿದಿವೆ ಎಂದು ಹೇಳಿ ಹತ್ತಿದರು.

ಆ ವಾರವೇ ನಲ್ಲಿಯ ಕೆಂಪು ಬಣ್ಣ ಕೆರೆದು ತೆಗೆದರಂತೆ. ಮಳೆ ಬಿದ್ದ ಮೇಲೆ ನಾನೊಬ್ಬಳೇ ಆ ಊರಿಗೆ ಹೋಗಿ ಎರಡು ಬಾಟಲಿ ತುಂಬಿಕೊಂಡು ಬಂದೆ. ನೀರು ಚೆನ್ನಾಗಿಯೇ ಇತ್ತು.