ಡ್ರೈವರ್ ಮಾತು ನಿಲ್ಲಿಸಿದಾಗ

“ಮಕ್ಕಳು ಎಷ್ಟ ಮಂದಿ ಅದಾರ್ರಿ ಅಣ್ಣಾರ?” ಎಂದು ಕೇಳಿದೆ. ಡ್ರೈವರ್ ಉತ್ತರಿಸಲಿಲ್ಲ. ಕಣ್ಣು ಅರ್ಧ ತೆರೆದೇ ಇದ್ದವು, ಆದರೆ ಬಸ್ಸು ಮೆಲ್ಲಗೆ ಬಲಕ್ಕೆ ಸರಿಯುತ್ತಿತ್ತು. ಎದುರಿಗೆ ಭತ್ತ ತುಂಬಿದ ಲಾರಿ ಬರುತ್ತಿತ್ತು.

ಅದು ಕುಷ್ಟಗಿಯಿಂದ ಗಂಗಾವತಿಗೆ ಹೊರಟ ಮಧ್ಯಾಹ್ನದ ಬಸ್ಸು. ತಾವರಗೇರಾ ದಾಟುತ್ತಲೇ ಕಂಡಕ್ಟರ್ ನನ್ನನ್ನು ಎಬ್ಬಿಸಿ ಡ್ರೈವರ್ ಪಕ್ಕದ ಮುಂದಿನ ಸೀಟಿಗೆ ಕೂರಿಸಿದ್ದರು. “ಸರ, ರಾತ್ರಿ ಡ್ಯೂಟಿ ಮುಗಿಸಿ ಹಂಗ ಬಂದಾನ. ಏನರ ಕೇಳ್ತಾ ಇರ್ರಿ, ಸುಮ್ಮನಾಗಬ್ಯಾಡ್ರಿ” ಎಂದು ಮೆಲ್ಲಗೆ ಹೇಳಿ ಟಿಕೆಟ್ ಕೊಡಲು ಹಿಂದೆ ಹೋದರು.

ಬದಲಿ ಡ್ರೈವರ್ ಇಲ್ಲವೇ ಎಂಬುದೇ ನನ್ನ ಮೊದಲ ಪ್ರಶ್ನೆಯಾಗಿತ್ತು. ಡ್ರೈವರ್ ನಕ್ಕಿದ್ದರು. “ಹೊಸಬರು ಬರ್ತಾರ್ರಿ. ಬಾಜೂಕ ಕುಂದರಿಸಿಕೊಂಡು ರೂಟ್ ಕಲಿಸ್ತೀವಿ. ಕೈ ಕುದುರೋದ್ರಾಗ ಕೆಲಸ ಬಿಟ್ಟು ಹೋಗ್ತಾರ. ಅವರ ಗಾಡಿನೂ ನಾವ ಹೊಡಿಬೇಕು.” ಆಮೇಲೆ ಊರು, ಊಟ, ಮನೆ ಎಂದು ಬಾಯಿಗೆ ಬಂದದ್ದನ್ನೆಲ್ಲ ಕೇಳುತ್ತ ಬಂದಿದ್ದೆ.

ಈಗ ಲಾರಿ ತೀರ ಹತ್ತಿರ ಬಂದಾಗ ಅವರ ಭುಜ ಹಿಡಿದು ಜಗ್ಗಿದೆ. ಅವರು ಬೆಚ್ಚಿ ಸ್ಟೇರಿಂಗ್ ಎಡಕ್ಕೆ ತಿರುಗಿಸಿದರು. ಲಾರಿ ನಮ್ಮ ಕಿಟಕಿಗಳನ್ನು ಸವರಿದಂತೆ ಹಾದುಹೋಯಿತು. ಹಿಂದೆ ಯಾರದೋ ಮಗು ಅಳತೊಡಗಿತು. ರಸ್ತೆಯಿಂದ ಕಣ್ಣು ಕೀಳದೆ, ಅವರು “ಎರಡೂ ಹೆಣ್ಮಕ್ಕಳ್ರಿ” ಎಂದರು.

ಗಂಗಾವತಿಯಲ್ಲಿ ಇಳಿದೆ. ಡ್ರೈವರ್ ಮುಖಕ್ಕೆ ನೀರು ಚಿಮುಕಿಸಿಕೊಂಡು ಕುಷ್ಟಗಿಯ ಬೋರ್ಡ್ ಹಾಕಿ ಮತ್ತೆ ಅದೇ ಬಸ್ಸು ಹತ್ತಿದರು. ನಾನು ಕೂತಿದ್ದ ಸೀಟಿನಲ್ಲಿ ಒಬ್ಬ ಅಜ್ಜಿ ಆಗಲೇ ತೂಕಡಿಸುತ್ತಿದ್ದಳು. ಬಸ್ಸು ಹೊರಟುಹೋಯಿತು. ನನಗೆ ಈಗಲೂ ಕಣ್ಣು ಮುಚ್ಚಿದರೆ ಕಾಣುವುದು ಲಾರಿಯಲ್ಲ, ಆ ಅಜ್ಜಿ.