ಬದನೆಕಾಯಿ ಮುರಿದ ಪಥ್ಯ

ಸಂಜೆ ಐದು ನಲವತ್ತಕ್ಕೆ ನಮ್ಮ ನಾಯಿ ಹನೂರಿನ ಬಸ್ಸಿಗೆ ಬೊಗಳಲಿಲ್ಲ.

ನಾಲ್ಕು ವರ್ಷದಿಂದ ತಪ್ಪದೆ ಮಾಡಿಕೊಂಡು ಬಂದಿದ್ದ ಕೆಲಸ ಅದು. ಕೊಳ್ಳೇಗಾಲದಿಂದ ಹೊರಟ ಬಸ್ಸು ಕಾಮಗೆರೆ ದಾಟಿ ನಮ್ಮೂರಿನ ತಿರುವಿಗೆ ಬರುವಷ್ಟರಲ್ಲಿ ಜಗಲಿಯಿಂದ ಇಳಿದು, ಗೇಟಿನ ಹತ್ತಿರ ನಿಂತು, ಬಸ್ಸು ಕಣ್ಮರೆಯಾಗುವವರೆಗೆ ಬೈದು, ಓಡಿಸಿದ್ದೇ ತಾನು ಎಂಬಂತೆ ವಾಪಸ್ಸು ಬರುತ್ತಿತ್ತು. ಅವತ್ತೂ ಗೇಟಿನ ತನಕ ಹೋಯಿತು. ಬಾಯಿ ತೆರೆಯಿತು. ತುಕ್ಕು ಹಿಡಿದ ಬಾಗಿಲು ಸರಿಸಿದಂಥ ಒಂದು ಸದ್ದು ಬಂತು. ತನ್ನ ಸದ್ದಿಗೆ ತಾನೇ ಬೆಚ್ಚಿ ನಿಂತಿತು. ಬಸ್ಸು ಹೋಯಿತು.

ನಾನು ಬಿ.ಎಸ್ಸಿ. ಓದಿದವಳು. ಪ್ರಾಣಿಶಾಸ್ತ್ರ, ಪ್ರಥಮ ದರ್ಜೆ. ರೇಬೀಸ್ ಬಗ್ಗೆ ಹತ್ತು ಅಂಕದ ಪ್ರಶ್ನೆಗೆ ಚಿತ್ರ ಸಮೇತ ಉತ್ತರ ಬರೆದು ಒಂಬತ್ತು ಪಡೆದಿದ್ದೆ. ಆದ್ದರಿಂದ ಆ ಸದ್ದು ಕೇಳಿದ ಕೂಡಲೇ ನನ್ನ ವೈಜ್ಞಾನಿಕ ತೀರ್ಮಾನ ಹೊರಬಿತ್ತು.

"ಅವ್ವ, ಇದುಕ್ಕೆ ಗಂಟ್ಲಲ್ಲಿ ಮೂಳೆ ಸಿಕ್ಕಂಡದೆ."

ಒಂಬತ್ತರ ಜೊತೆ ಸೇರದ ಆ ಇನ್ನೊಂದು ಅಂಕ ಎಲ್ಲಿ ಹೋಗಿತ್ತೆಂದು ತಿಳಿಯಲು ಇನ್ನೂ ಎರಡು ದಿನ ಬೇಕಾಗಿತ್ತು.

ನಮ್ಮ ಮನೆಯಲ್ಲಿ ನಾಯಿಯ ಆರೋಗ್ಯ ಖಾತೆ ಅತ್ತಿಗೆಯದು. ಅತ್ತಿಗೆ ಕೊಳ್ಳೇಗಾಲದ ಒಂದು ಶಾಲೆಯಲ್ಲಿ ಟೀಚರು. ಅಣ್ಣ ಲಾರಿಯ ಮೇಲೆ ಹೋದರೆ ಹತ್ತು ಹನ್ನೆರಡು ದಿನ ಬರುವುದಿಲ್ಲ. ಆ ಬಿಡುವಿನಲ್ಲಿ ಅವರು ಮೊಬೈಲಿನಲ್ಲೇ ಮೂರು ದಿನದ ಕೋರ್ಸು ಮುಗಿಸಿ, ಸಾಕುಪ್ರಾಣಿಗಳ ಸಮಗ್ರ ಚಿಕಿತ್ಸೆಯ ಪ್ರಮಾಣಪತ್ರ ಪಡೆದಿದ್ದರು. ನಾನು ಮೂರು ವರ್ಷ ಕಪ್ಪೆ ಕುಯ್ದು ತಂದ ಪ್ರಮಾಣಪತ್ರ ಟ್ರಂಕಿನಲ್ಲಿತ್ತು. ಅವರದು ಲ್ಯಾಮಿನೇಷನ್ ಆಗಿ ದೇವರ ಫೋಟೋಗಳ ಸಾಲಿನಲ್ಲಿತ್ತು. ಸೋಮವಾರ ಬೇವು ಅರಿಶಿನದ ಉಂಡೆ, ಗುರುವಾರ ಅಂಗಾಲಿಗೆ ಹರಳೆಣ್ಣೆ, ಕುತ್ತಿಗೆಗೆ ದಾರದಲ್ಲಿ ಪೋಣಿಸಿದ ಅಯಸ್ಕಾಂತ. ಉಂಡೆಗೆ ತುಪ್ಪ ಸವರಿರುತ್ತಿದ್ದರಿಂದ ನಾಯಿಗೂ ಈ ಪದ್ಧತಿಯ ಮೇಲೆ ಪೂರ್ಣ ನಂಬಿಕೆಯಿತ್ತು.

ಲಸಿಕೆ ಮಾತ್ರ ಬೇಡ. ಅದು ಪ್ರಾಣಿಯ ಸಹಜ ಶಕ್ತಿಯನ್ನು ಕೆಡಿಸುತ್ತದೆ ಎಂದು ಅತ್ತಿಗೆಯ ವಾಟ್ಸಾಪ್ ಗುಂಪಿನಲ್ಲಿ ದಿನಾ ಬೆಳಿಗ್ಗೆ ಹೂವಿನ ಚಿತ್ರದ ಮೇಲೆ ಬರೆದು ಕಳಿಸುತ್ತಿದ್ದರು. ಆದರೆ ತಪ್ಪನ್ನೆಲ್ಲ ಅತ್ತಿಗೆಯ ತಲೆಗೆ ಕಟ್ಟುವುದು ನ್ಯಾಯವಲ್ಲ. ಹಿಂದಿನ ವರ್ಷ ನಾಯಿಗಳಿಗೆ ಲಸಿಕೆ ಹಾಕುವವರು ಊರಿಗೇ ಬಂದಿದ್ದಾಗ, ಇದನ್ನು ಕರೆದುಕೊಂಡು ಹೋಗುತ್ತೇನೆಂದು ಜಂಬದಿಂದ ಒಪ್ಪಿಕೊಂಡವಳು ನಾನು. ಆ ಹೊತ್ತಿನಲ್ಲಿ ನಾಯಿ ಮಲಗಿತ್ತು. ನಾನೂ ಮಲಗಿದ್ದೆ.

ಮೂಳೆಯ ಸುದ್ದಿ ಕೇಳಿ ಅತ್ತಿಗೆ ತಮ್ಮ ಗುರೂಜಿಗೆ ವಿಡಿಯೋ ಕಾಲ್ ಮಾಡಿದರು. ಗುರೂಜಿ ಎಲ್ಲಿಯವರೋ ಯಾರಿಗೂ ಗೊತ್ತಿಲ್ಲ. ಅವರ ಹಿಂದೆ ಸದಾ ಒಂದು ಜಲಪಾತ ಬೀಳುತ್ತಿರುತ್ತದೆ. ಅವರು ಪರದೆಯಲ್ಲಿ ನಾಯಿಯನ್ನು ನೋಡಿ ಕಣ್ಣು ಮುಚ್ಚಿ, ಬಹಳ ಹೊತ್ತಾದ ಮೇಲೆ ಹೇಳಿದರು: "ಕಂಠದ ಚಕ್ರ ಮುಚ್ಚಿದೆ. ಈ ಜೀವ ಏನೋ ಒಂದು ದುಃಖ ನುಂಗಿಕೊಂಡಿದೆ."

"ಇರ್ದೆ ಏನ್ ಸಾ," ಜಗಲಿಯಿಂದ ಅಪ್ಪ ಅಂದರು, "ಮೊನ್ನೆ ಬಾಡು ಮಾಡುದ್ರು. ನಮ್ಗೆಲ್ಲ ಬಾಡು, ಅದುಕ್ಕೆ ಬರೀ ಮೂಳೆ."

ಇಪ್ಪತ್ತೊಂದು ನಿಮಿಷ ಗಂಟಲಿನ ಮೇಲೆ ಅಂಗೈ ಇಡಬೇಕೆಂದು ಗುರೂಜಿಯ ಸಲಹೆಯಾಯಿತು. ಅತ್ತಿಗೆ ನಾಯಿಯ ತಲೆಯನ್ನು ತೊಡೆಯ ಮೇಲೆ ಇಟ್ಟುಕೊಂಡು ಕೂತರು. ಜೊಲ್ಲು ಅವರ ಬಳೆಗಳ ಮೇಲೆ ಇಳಿಯುತ್ತಿತ್ತು. ಅದನ್ನು ನೋಡುತ್ತ ನಾನು ಅಲ್ಲೇ ಕೂತಿದ್ದೆ. ಜೊಲ್ಲು ಎಂದರೇನು, ಅದರಲ್ಲಿ ಏನಿರುತ್ತದೆ, ಎಲ್ಲ ಓದಿದ್ದೆ. ನೋಡುತ್ತ ಕೂತಿದ್ದೆ.

ಹನ್ನೊಂದನೇ ನಿಮಿಷಕ್ಕೆ ಅವ್ವನ ತಾಳ್ಮೆ ಮುಗಿಯಿತು. "ನಿಮ್ ಚಕ್ರ ತಿರುಗೋ ಒತ್ಗೆ ನಾಯಿ ಉಸ್ರು ಕಟ್ಕಂಡು ಸತ್ತೋಯ್ತದೆ. ಸರ್ಕಳವ್ವ ಅತ್ತಗೆ."

ಅವ್ವನದು ಅವ್ವನ ತಾಯಿಯಿಂದ ಬಂದ ವೈದ್ಯ. ವೀಳ್ಯದೆಲೆ, ಮೆಣಸು, ಬೆಳ್ಳುಳ್ಳಿ ಜಜ್ಜಿ ಹರಳೆಣ್ಣೆಯಲ್ಲಿ ಉಂಡೆ ಕಟ್ಟಿ, ಹೆಬ್ಬೆರಳಿನಿಂದ ಗಂಟಲಿನೊಳಗೆ ತಳ್ಳುವುದು. ಅತ್ತಿಗೆ ಕಿವಿ ಹಿಡಿದರು. ನಾನು ಮೊಬೈಲಿನ ಟಾರ್ಚು ಹಿಡಿದೆ. ಅವ್ವನ ಕೈ ಮಣಿಕಟ್ಟಿನ ತನಕ ಒಳಗೆ ಹೋಯಿತು.

"ಮೂಳೆ ಕಾಣ್ತಿಲ್ವಲ್ಲೆ. ಇನ್ನೊಸಿ ಅತ್ರ ಇಡಿ ಬೆಳ್ಕ."

ಇನ್ನಷ್ಟು ಹತ್ತಿರ ಹಿಡಿದೆ. ಅವ್ವ ಕೈ ಎಳೆದುಕೊಳ್ಳುವಾಗ ಹೆಬ್ಬೆರಳಿಗೆ ಹಲ್ಲು ತರಚಿ, ಕೆಂಪು ಗೆರೆಯೊಂದು ಮೂಡಿತು.

"ಕಚ್ತಾ?" ಅಂದೆ.

"ಪಾಪ, ಬಾಯ್ ಮುಚ್ಚುಕ್ಕೂ ಆಯ್ತಿಲ್ಲ ಕಣೆ ಅದುಕ್ಕೆ, ಇನ್ನೆಲ್ಲಿ ಕಚ್ಚದು," ಎಂದು ಅವ್ವ ಬೆರಳನ್ನು ಸೆರಗಿಗೆ ಒರೆಸಿಕೊಂಡಳು.

ಮಾರನೇ ದಿನ ನಾಯಿಯ ದವಡೆ ಜೋತುಬಿದ್ದಿತ್ತು. ನೀರಿನ ಬಟ್ಟಲಿಗೆ ಮೂತಿ ಇಟ್ಟು ನಿಲ್ಲುತ್ತಿತ್ತು. ನೀರು ಒಳಗೆ ಹೋಗುತ್ತಿರಲಿಲ್ಲ. ಜಲಪಾತದವರು ಬಟ್ಟಲು ಬದಲಿಸಲು ಹೇಳಿದರು. ಅತ್ತಿಗೆ ತಾಮ್ರದ್ದು ಇಟ್ಟರು. ಹುಚ್ಚುನಾಯಿ ನೀರು ಕಂಡರೆ ಹೆದರುತ್ತದೆ ಎಂದು ನಾನು ಎಲ್ಲೋ ಕೇಳಿದ್ದೆ. ಇದು ನೀರಿನ ಪಕ್ಕದಲ್ಲೇ ಕೂತಿದೆ, ಆದ್ದರಿಂದ ಅಂಥದ್ದೇನೂ ಇಲ್ಲ ಎಂದು ಮನಸ್ಸಿನಲ್ಲೇ ಬಗೆಹರಿಸಿಕೊಂಡು ಊಟ ಮಾಡಿದೆ.

ಮೂರನೇ ದಿನ ಬೆಳಿಗ್ಗೆ ಪಕ್ಕದ ಮನೆಯ ಹಸು ನೋಡಲು ಕೊಳ್ಳೇಗಾಲದಿಂದ ಪಶುವೈದ್ಯರು ಬಂದಿದ್ದರು. ಹಾಗೇ ನಮ್ಮ ನಾಯಿಯನ್ನೂ ಒಂದು ಸಲ ನೋಡಿ ಎಂದು ಅವ್ವ ಕರೆದಳು. ಅವರು ಗೇಟಿನ ಆಚೆಯೇ ನಿಂತರು. ನಾಯಿಯನ್ನು ಎರಡು ನಿಮಿಷ ನೋಡಿ, ಆಮೇಲೆ ನಮ್ಮನ್ನು ನೋಡಿದರು.

"ಯಾರ್ಯಾರು ಇದರ ಬಾಯಿಗೆ ಕೈ ಹಾಕಿದ್ರಿ?"

"ಯಾರ್ಯಾರು ಅಂದ್ರೆ ಏನೇಳನ ಸಾ, ಎಲ್ರೂವೆ," ಅಂದಳು ಅವ್ವ, ಬಿಟ್ಟುಕೊಡದ ಹೆಮ್ಮೆಯಿಂದ.

ಅವರ ಮುಖದಲ್ಲಿ ಆದ ಬದಲಾವಣೆಯನ್ನು ನಾನು ಇಂದಿಗೂ ಮರೆತಿಲ್ಲ. ಯಾರೂ ನಾಯಿಯನ್ನು ಮುಟ್ಟಬೇಡಿ ಎಂದರು. ಸೋಪು ಹಚ್ಚಿ ಹರಿಯುವ ನೀರಿನಲ್ಲಿ ಕಾಲು ಗಂಟೆ ಕೈ ತೊಳೆಯಿರಿ, ಈಗಲೇ ಆಸ್ಪತ್ರೆಗೆ ಹೋಗಿ, ಇಂಜೆಕ್ಷನ್ ಇವತ್ತೇ ಶುರುವಾಗಬೇಕು ಎಂದರು.

"ಉಚ್ಚುನಾಯಿ ಅಂದ್ರೆ ಓಡಾಡಿ ಕಚ್ಬೇಕಲ್ವ ಸಾ? ಇದು ಕುಂತ ಜಾಗ ಬುಟ್ಟು ಎದ್ದಿಲ್ಲ," ಅಂದರು ಅಪ್ಪ.

"ಎಲ್ಲಾ ಓಡಾಡಲ್ಲ ಯಜಮಾನ್ರೇ. ಕೆಲವು ಸುಮ್ನೆ ಕೂತಿರ್ತವೆ. ಕೂಗು ಕೆಡುತ್ತೆ, ದವಡೆ ಬಿದ್ದು ಹೋಗುತ್ತೆ. ನೋಡ್ದೋರು ಗಂಟಲಲ್ಲಿ ಮೂಳೆ ಸಿಕ್ಕಿದೆ ಅಂತ ಕೈ ಹಾಕ್ತಾರೆ." ನನ್ನ ಕಡೆ ತಿರುಗಿದರು. "ನೀವು ಏನು ಓದಿದೀರಮ್ಮ?"

"ಪಿಯುಸಿ," ಅಂದೆ.

ಕಳೆದುಹೋಗಿದ್ದ ಒಂದು ಅಂಕ ಅದೇ. ಸುಮ್ಮನೆ ಕೂರುವ ಬಗೆಯನ್ನು ನಾನು ಬರೆದಿರಲಿಲ್ಲ.

ಕೈ ತೊಳೆದು ನಾನೂ ಅತ್ತಿಗೆಯೂ ಸ್ಕೂಟಿಯಲ್ಲಿ ಕೊಳ್ಳೇಗಾಲಕ್ಕೆ ಹೊರಟೆವು. "ನೀವ್ ಓಗಿ, ನಾವ್ ಇಂದ್ಗಡೆನೇ ಬತ್ತೀವಿ," ಎಂದು ಅವ್ವ ಅಪ್ಪನ ಟಿವಿಎಸ್ ಹತ್ತಿದ್ದನ್ನು ಕಣ್ಣಾರೆ ನೋಡಿದೆ. ನಮ್ಮಿಬ್ಬರ ಇಂಜೆಕ್ಷನ್ ಮುಗಿದು ಅರ್ಧ ಗಂಟೆಯಾದರೂ ಅವರ ಸುಳಿವಿಲ್ಲ. ಫೋನು ಮಾಡಿದೆ.

"ಎಲ್ಲಿದ್ದೀರವ್ವ?"

"ಯಳಂದೂರಲ್ಲಿ ಕಣ್ ಮಗ."

ಕೊಳ್ಳೇಗಾಲದ ಆಸ್ಪತ್ರೆಯ ಗೇಟನ್ನು ದಾಟಿಕೊಂಡೇ ಅವರು ಯಳಂದೂರಿನ ಕಡೆ ಹೋಗಿದ್ದರು. ಅಲ್ಲಿ ನಾಯಿ ಕಚ್ಚಿದವರಿಗೆ ಸೊಪ್ಪಿನ ರಸ ಕೊಡುವವರೊಬ್ಬರಿದ್ದರು. ಅವರಪ್ಪನ ಕಾಲದಿಂದ ಕೊಡುತ್ತಿದ್ದಾರಂತೆ, ಒಬ್ಬರೂ ಸತ್ತಿಲ್ಲವಂತೆ. ಸತ್ತವರು ಬಂದು ಹೇಳುವ ಏರ್ಪಾಡು ಅಲ್ಲಿ ಇದ್ದಂತಿಲ್ಲ. ಅವ್ವ ಆಗಲೇ ರಸ ಕುಡಿದಾಗಿತ್ತು.

"ಅದು ಕುಡುದ್ರೆ ಏನೂ ಆಗಲ್ಲವ್ವ. ಈಗ್ಲೇ ಇಲ್ಗೆ ಬಾ, ಸೂಜಿ ಹಾಕುಸ್ಕೊ."

"ಅಯ್ಯೋ, ಸೂಜಿ ಸೋಕುಸಂಗಿಲ್ವಂತೆ. ಔಷ್ದಿ ಮುರ್ದೋಯ್ತದಂತೆ. ನಲವತ್ತೆಂಟು ದಿನ ಪಥ್ಯ."

ನಾನು ಆಸ್ಪತ್ರೆಯ ಮೆಟ್ಟಿಲ ಮೇಲೆ ನಿಂತು ವೈರಸ್ಸಿನ ಬಗ್ಗೆ, ನರಗಳ ಬಗ್ಗೆ, ಅದು ಮೆದುಳಿಗೆ ಏರಿದರೆ ಮತ್ತೆ ಏನೂ ಮಾಡಲಾಗದ ಬಗ್ಗೆ ಹತ್ತು ಅಂಕದ ಉತ್ತರವನ್ನು ಪೂರ್ತಿ ಹೇಳಿದೆ. ಈ ಸಲ ಒಂದನ್ನೂ ಬಿಡಲಿಲ್ಲ. ಅವ್ವ ಎಲ್ಲ ಕೇಳಿಸಿಕೊಂಡು ಮೆತ್ತಗೆ ಅಂದಳು: "ಮೂಳೆ ಅಂದೋಳು ನೀನೇ ಅಲ್ವ ಮಗ?"

ಅವ್ವನೇ ಮುಂದುವರಿಸಿದಳು: "ನಾವ್ ಬರೋತ್ಗೆ ಮಸ್ಸೊಪ್ಪು ಮಾಡಿ ಮುದ್ದೆ ಕಟ್ಟಿಡು. ಬದ್ನೆಕಾಯಿ ಮಾತ್ರ ಆಕ್ಬ್ಯಾಡ ಕನವ್ವ. ಅದು ಸೋಕುದ್ರೂ ಔಷ್ದಿ ಮುರ್ದೋಯ್ತದಂತೆ. ಒಂದ್ಸಲ ಮುರುದ್ರೆ ಇನ್ನೊಂದ್ಸಲ ಕೊಡಂಗೇ ಇಲ್ವಂತೆ."

ಫೋನು ಇಟ್ಟೆ. ರಸ್ತೆಯ ಆಚೆ ಬದಿಯಲ್ಲಿ ಗಾಡಿಯ ಮೇಲೆ ಗುಂಡು ಬದನೆಕಾಯಿ ರಾಶಿ ಹಾಕಿದ್ದರು. ನಾಲ್ಕು ಆರಿಸಿ ತೆಗೆದುಕೊಂಡೆ.

"ಇದು ಮೋಸ ಅಲ್ವಾ?" ಅಂದರು ಅತ್ತಿಗೆ.

"ಸಮಗ್ರ ಚಿಕಿತ್ಸೆ ಅತ್ತಿಗೆ," ಅಂದೆ.

ಮನೆಗೆ ಬಂದಾಗ ನಾಯಿ ಸತ್ತಿತ್ತು. ಪಶುವೈದ್ಯರು ಕಳಿಸಿದ ಇಬ್ಬರು ಉದ್ದನೆಯ ಕೈಗವಸು ಹಾಕಿಕೊಂಡು ಹಿತ್ತಲಿನ ಆಚೆ ಆಳವಾದ ಗುಂಡಿ ತೋಡುತ್ತಿದ್ದರು. ಅಯಸ್ಕಾಂತದ ದಾರವನ್ನಾದರೂ ಬಿಚ್ಚಿಕೊಳ್ಳಲೇ ಎಂದು ಅತ್ತಿಗೆ ದೂರದಿಂದ ಕೇಳಿದರು. ಬೇಡ ಎಂದರು. ಅತ್ತಿಗೆ ಒಳಗೆ ಹೋಗಿ ಅತ್ತರು. ನಾನು ಅಳುವುದನ್ನು ಆಮೇಲಕ್ಕೆ ಇಟ್ಟುಕೊಂಡು ಒಲೆ ಹಚ್ಚಿದೆ.

ಮಸ್ಸೊಪ್ಪಿನ ಉಪಕಾರವೇನೆಂದರೆ, ಬೇಯಿಸಿ ಮಸೆದ ಮೇಲೆ ಯಾವುದು ಸೊಪ್ಪು, ಯಾವುದು ಬೇಳೆ, ಯಾವುದು ಮಗಳ ಕಿತಾಪತಿ ಎಂದು ಹೇಳಲಾಗುವುದಿಲ್ಲ. ನಾಲ್ಕು ತೊಟ್ಟುಗಳನ್ನು ತೊಳೆದು ಒಂದು ತಟ್ಟೆಯಲ್ಲಿ ಮುಚ್ಚಿಟ್ಟೆ. ಎರಡು ಗಂಟೆಗೆ ಅವರು ಬಂದರು. ಕೂತ ಕೂಡಲೇ ಬಡಿಸಿದೆ.

"ಏನೇ ಇವತ್ತು ಸಾರು ಇಷ್ಟು ಮಂದಾಗದೆ?"

"ಸೊಪ್ಪು ಜಾಸ್ತಿ ಆಕಿವ್ನಿ."

"ಚೆಂದಾಗದೆ. ಇನ್ನೊಸಿ ಬುಡು." ಅವ್ವ ಎರಡನೇ ಸಲ ಬಡಿಸಿಕೊಂಡಳು. ಬೆರಳು ನೆಕ್ಕಿದಳು. ಅದೇ ಹೆಬ್ಬೆರಳು.

ಆಗ ತಟ್ಟೆ ತಂದು ಮುಂದಿಟ್ಟು ಮುಚ್ಚಳ ತೆಗೆದೆ. ನಾಲ್ಕು ಹಸಿರು ತೊಟ್ಟುಗಳು. ಅವ್ವ ಅವನ್ನು ನೋಡಿದಳು, ತನ್ನ ಊಟದ ತಟ್ಟೆಯನ್ನು ನೋಡಿದಳು, ನನ್ನನ್ನು ನೋಡಿದಳು. ಬೈಯುತ್ತಾಳೆಂದು ಕಾದೆ. ಬೈಯಲಿಲ್ಲ.

"ತಾಯ್ಗೆ ಇಂಗ್ ಮಾಡ್ತಾರ ಮಗ?" ಅಂದಳು. ಕಣ್ಣಲ್ಲಿ ನೀರಿತ್ತು. ಅವಳಿಗೆ ನಿಜವಾಗಿಯೂ ಜೀವದ ಭಯ ಆದದ್ದು ಆಗಲೇ. ನಾನು ಆಡಿದ ಮಾತಿಗೆಲ್ಲ ಅಲ್ಲ, ನಾಲ್ಕು ತೊಟ್ಟು ಕಂಡ ಮೇಲೆ.

ಅಪ್ಪ ಯಳಂದೂರಿಗೆ ಫೋನು ಹಚ್ಚಿ, ವಿಷಯ ಹೇಳಿ, ಸ್ಪೀಕರಿಗೆ ಹಾಕಿದರು. ರಸ ಕೊಟ್ಟವರ ದನಿ ಬಂತು: "ಬದ್ನೆಕಾಯಾ? ಎಷ್ಟು ತಿಂದ್ರು?"

"ಎರಡ್ಸಲ ಬುಡುಸ್ಕಂಡ್ಳು ಸಾ."

"ಅಂಗಾದ್ರೆ ಮುರುದೋಯ್ತು. ಇನ್ ನನ್ ಕೈಲಿ ಏನಿಲ್ಲ. ಓಗಿ ಸೂಜಿನೇ ಆಕ್ಸ್ಕಳಿ."

ಆ ಮಹಾನುಭಾವರ ವೃತ್ತಿಜೀವನದಲ್ಲೇ ಇದಕ್ಕಿಂತ ಒಳ್ಳೆಯ ಸಲಹೆ ಯಾರಿಗೂ ಸಿಕ್ಕಿರಲಾರದು. ನಾಲ್ಕು ಗಂಟೆಗೆ ಅವ್ವ ಆಸ್ಪತ್ರೆಯಲ್ಲಿದ್ದಳು. ತೋಳಿಗೆ ಹಾಕಿದ್ದಲ್ಲದೆ ಹೆಬ್ಬೆರಳಿನ ಗಾಯದ ಸುತ್ತಲೂ ಇನ್ನೊಂದು ಔಷಧಿ ಚುಚ್ಚಿದರು. ಆ ಕೂಗು ಕಾರಿಡಾರಿನ ತುದಿಯಲ್ಲಿದ್ದ ಅಪ್ಪನಿಗೂ ಕೇಳಿಸಿತು. ಈಚೆಗೆ ಬಂದವಳೇ ನನ್ನನ್ನು ನೋಡಿ, "ನಿನ್ ಬದ್ನೆಕಾಯ್ಗೆ ಬೆಂಕಿ ಬೀಳ," ಅಂದಳು. ನನಗೆ ಅದಕ್ಕಿಂತ ಇಂಪಾದ ಮಾತು ಆ ವಾರ ಕೇಳಿಸಿರಲಿಲ್ಲ.

ಮುಂದಿನ ಸೂಜಿಗಳ ದಿನಗಳನ್ನು ಚೀಟಿಯಲ್ಲಿ ಬರೆದುಕೊಟ್ಟರು. ಅತ್ತಿಗೆ ಆ ಚೀಟಿಯನ್ನು ದೇವರ ಫೋಟೋಗಳ ಸಾಲಿನಲ್ಲಿ ಸಿಕ್ಕಿಸಿದರು. ಪ್ರಮಾಣಪತ್ರ ಅಲ್ಲಿಂದ ಇಳಿಯಿತು. ಗುರೂಜಿ ಸಂದೇಶ ಕಳಿಸಿದ್ದರು: ಆ ಜೀವ ಬೆಳಕಿಗೆ ಸೇರಿದೆ, ನಮ್ಮ ಚಿಕಿತ್ಸೆಯ ಬಗ್ಗೆ ಎರಡು ಸಾಲು ಅನುಭವ ಬರೆಯಿರಿ. ಅತ್ತಿಗೆ ಬರೆದರು. ಮೊದಲ ಸಾಲು, ನಾಯಿಗೆ ಲಸಿಕೆ ಹಾಕಿಸಿ. ಎರಡನೇ ಸಾಲು, ಬಾಯಿಗೆ ಕೈ ಹಾಕಬೇಡಿ. ಒಂದು ಗಂಟೆಯೊಳಗೆ ಅವರನ್ನು ಗುಂಪಿನಿಂದ ತೆಗೆದುಹಾಕಿದರು.

ಆ ಮೇಲಿನ ದಿನಗಳಲ್ಲಿ ನಮ್ಮ ಮನೆಯಲ್ಲಿ ಯಾರೂ ನೆಮ್ಮದಿಯಾಗಿ ನೀರು ಕುಡಿಯಲಿಲ್ಲ. ಅವ್ವ ಲೋಟ ಎತ್ತಿದರೆ ಮೂರು ಜೋಡಿ ಕಣ್ಣು ಅವಳ ಗಂಟಲಿನ ಮೇಲೆ. ಒಂದು ದಿನ ಅವಳು ಗಟಗಟ ಕುಡಿದು ಲೋಟ ಬೋರಲು ಹಾಕಿ ತೋರಿಸಿದಳು: "ಇಳೀತು. ನೋಡ್ಕಂಡ್ರಾ? ಚೀಟಿ ಬರ್ಕೊಡ್ಲಾ?" ಎಲ್ಲರೂ ನಕ್ಕೆವು. ಮಲಗಿದರೆ ಮಾತ್ರ ಕನಸಿನಲ್ಲಿ ನನ್ನ ಕೈಯಲ್ಲಿ ಟಾರ್ಚು. ಕೆಂಪು ಬಾಯಿ, ಅವ್ವನ ಮಣಿಕಟ್ಟು, "ಇನ್ನೊಸಿ ಅತ್ರ ಇಡಿ." ಪ್ರತಿ ಸಲವೂ ನಾನು ಹತ್ತಿರ ಹಿಡಿಯುತ್ತಿದ್ದೆ. ಪಕ್ಕದ ಚಾಪೆಯಲ್ಲಿ ಅತ್ತಿಗೆ ಜೊಲ್ಲು ತಾಗಿದ್ದ ಬಳೆ ತೆಗೆದೆಸೆದ ಕೈಯನ್ನು ಉಜ್ಜಿಕೊಳ್ಳುವ ಸದ್ದು.

ಕೊನೆಯ ಇಂಜೆಕ್ಷನ್ ಹಾಕಿದ ಡಾಕ್ಟರು, ಇನ್ನು ನಿಶ್ಚಿಂತೆಯಾಗಿರಿ ಎಂದರು. ನಾನು ತಲೆಯಾಡಿಸಿ ಬಂದೆ. ಅವತ್ತೂ ನಿದ್ದೆ ಬರಲಿಲ್ಲ.

ಕಾರಣ ಹೇಳಲು ನಾಚಿಕೆಯಾಗುತ್ತದೆ. ಅಷ್ಟೆಲ್ಲ ಆದ ಮೇಲೂ ಅವ್ವ ಬದನೆಕಾಯಿ ಮುಟ್ಟಿರಲಿಲ್ಲ. "ಮುರುದ್ರೂ ಒಸಿ ಉಳ್ದಿರ್ತದೆ ಕಣ್ ಮಗ," ಎಂದು ಪಥ್ಯ ಮುಂದುವರಿಸಿದ್ದಳು. ಅವಳನ್ನು ಗೇಲಿ ಮಾಡುತ್ತಲೇ, ಪ್ರಾಣಿಶಾಸ್ತ್ರದಲ್ಲಿ ಪ್ರಥಮ ದರ್ಜೆಯ ನಾನು ಕ್ಯಾಲೆಂಡರಿನ ಹಿಂಬದಿಯಲ್ಲಿ ಪೆನ್ಸಿಲಿನಿಂದ ಗೆರೆ ಎಳೆದು ನಲವತ್ತೆಂಟು ದಿನ ಎಣಿಸುತ್ತಿದ್ದೆ.

ನಲವತ್ತೊಂಬತ್ತನೇ ದಿನ ಭಾನುವಾರ. ಅವ್ವನೇ ಎಣ್ಣೆಗಾಯಿ ಮಾಡಿದಳು. ಎಲ್ಲರಿಗಿಂತ ಮೊದಲು ನನ್ನ ತಟ್ಟೆಗೆ ಎರಡು ಹಾಕಿ, "ತಿನ್ನು, ಬದ್ನೆಕಾಯಿ ಡಾಕ್ಟ್ರೇ," ಅಂದಳು. ತೊಟ್ಟು ಹಿಡಿದು ತಿಂದೆ. ಅವ್ವ ಮೇಲೊಂದು ಲೋಟ ನೀರು ಕುಡಿದಳು. ನೋಡಬೇಕೆಂದು ಯಾರಿಗೂ ನೆನಪಾಗಲಿಲ್ಲ.

ಮಾರನೇ ಬೆಳಿಗ್ಗೆ ಅತ್ತಿಗೆ ನನ್ನನ್ನು ಅಲುಗಾಡಿಸಿ ಎಬ್ಬಿಸಿದಾಗ ಅವರ ಶಾಲೆಗೂ ತಡವಾಗಿತ್ತು. ಅಷ್ಟು ದಿನ ನಿದ್ದೆಯಿಲ್ಲದೆ ಕೇಳಿಸಿಕೊಳ್ಳುತ್ತಿದ್ದ ಕೊಳ್ಳೇಗಾಲದ ಮೊದಲ ಬಸ್ಸು ಯಾವಾಗಲೋ ಹೋಗಿತ್ತು. ಅದು ಹೋದದ್ದು ಮನೆಯಲ್ಲಿ ಒಬ್ಬರಿಗೂ ಕೇಳಿಸಿರಲಿಲ್ಲ.