ತೊಗಲು ಹೊದ್ದ ಮರಿ

ಮುಳಬಾಗಿಲಿನಿಂದ ಕುರುಡುಮಲೆಗೆ ಹೋಗುವ ದಾರಿಯಲ್ಲಿ ಕದಿರೇಶ್ ಅವರ ತೋಟವಿದೆ. ತಂದೆ ಬಿಟ್ಟುಹೋದ ಕಲ್ಲು ಕ್ವಾರಿ, ಲಾರಿಗಳನ್ನೆಲ್ಲ ಮಾರಿ ಅವರು ರಾಗಿ, ಮೇವು ಬೆಳೆದರು. ಮಾರ್ವಾಡಿ ತಳಿಯ ಕುದುರೆಗಳನ್ನು ತಂದು ಮರಿ ಮಾಡಿಸತೊಡಗಿದರು. ‘ಕಲ್ಲು ಮಾರಿ ಹುಲ್ಲು ಬೆಳೆದ ಪುಣ್ಯಾತ್ಮ’ ಎಂದು ನಂಗಲಿಯ ಲಾರಿಯವರು ಈಗಲೂ ನಗುತ್ತಾರೆ.

ಕದಿರೇಶ್ ಎಂಬುದು ಅವರ ಹುಟ್ಟುಹೆಸರಲ್ಲ. ಆ ಹೆಸರಿನ ಹುಡುಗ ಕ್ವಾರಿಯ ನೀರಿನಲ್ಲಿ ಮುಳುಗಿ ಸತ್ತ ಮೇಲೆ, ಅವನ ತಾಯಿ ಗಂಗರತ್ನಮ್ಮ ತಂಗಿಯ ಮಗ ಮುನೇಶನನ್ನು ದತ್ತು ತಂದು ಅದೇ ಹೆಸರಿನಿಂದ ಕರೆದರು. ಸತ್ತವನ ಅಂಗಿಗಳನ್ನೇ ತೊಡಿಸಿದರು. ‘ಒಗೆಯೋಕೆ ಮಾತ್ರ ಬಿಡ್ತಿರಲಿಲ್ಲ’ ಎನ್ನುತ್ತಾರೆ ಕದಿರೇಶ್.

ಕಳೆದ ಚಳಿಗಾಲದಲ್ಲಿ ಲಾಯದ ಒಂದು ಕುದುರೆ ಮರಿ ಹಾಕಿ ಸತ್ತಿತು. ಅದೇ ಬೆಳಿಗ್ಗೆ ಗೌರಿ ಎಂಬ ಇನ್ನೊಂದು ಕುದುರೆಯ ಮರಿ ಹುಟ್ಟುವಾಗಲೇ ಸತ್ತಿತ್ತು. ತಬ್ಬಲಿ ಮರಿಯನ್ನು ಗೌರಿಯ ಬಳಿ ಬಿಟ್ಟರೆ ಒದ್ದು ಕೆಡವಿತು. ಬಾಟಲಿಯ ಹಾಲಿಗೆ ಮರಿ ಬಾಯಿ ತೆರೆಯಲಿಲ್ಲ. ಸಂಜೆಯೊಳಗೆ ಹಾಲು ಹೊಟ್ಟೆಗೆ ಹೋಗದಿದ್ದರೆ ಉಳಿಯುವುದಿಲ್ಲ ಎಂದು ಪಶುವೈದ್ಯರು ಹೇಳಿದರು.

ಊರುಗೋಲು ಹಿಡಿದು ಲಾಯಕ್ಕೆ ಬಂದ ಗಂಗರತ್ನಮ್ಮ, ‘ಸತ್ತ ಮರಿ ತೊಗಲು ಸುಲಿದು ಇದಕ್ಕೆ ಹೊದಿಸೋ’ ಎಂದರು.

‘ಅದೊಂದು ಬೇಡಮ್ಮಾ.’

‘ನಮ್ಮಪ್ಪ ಹಸುಗೆ ಹಂಗೇ ಮಾಡ್ತಿದ್ದ ಕಣೋ. ಅದು ಮೂಸಿ ನೋಡುತ್ತೆ, ಮುಖ ನೋಡಲ್ಲ.’

ಮರಿಯ ಕಾಲು ಕುಸಿದಾಗ ಕದಿರೇಶ್ ತಾವೇ ಚಾಕು ತೆಗೆದುಕೊಂಡರು.

ಇನ್ನೂ ಹಸಿಯಾಗಿದ್ದ ತೊಗಲನ್ನು ಬೆನ್ನಿಗೆ ಕಟ್ಟಿ ಮರಿಯನ್ನು ಎತ್ತಿ ನಿಲ್ಲಿಸಿದರು. ಗೌರಿ ಬಾಲದಿಂದ ಕತ್ತಿನವರೆಗೆ ಮೂಸಿತು. ಆಮೇಲೆ ತೊಗಲನ್ನು ನೆಕ್ಕತೊಡಗಿತು. ಅದರ ಕೆಳಗೆ ಮರಿ ನಡುಗುತ್ತಾ ಕೆಚ್ಚಲು ಹುಡುಕಿ ಕುಡಿಯಿತು.

‘ನನ್ನ ತಂದಾಗ ನಿಂಗೂ ಹಿಂಗೇ ಆಯ್ತೇನಮ್ಮಾ?’ ಕದಿರೇಶ್ ಕೇಳಿದರು.

‘ಸುಮ್ನಿರೋ ಲೇ. ಕುಡೀತಾ ಇದೆ, ಕುಡೀಲಿ.’

ಕೆಲವು ದಿನಗಳಲ್ಲಿ ತೊಗಲು ಕೊಳೆಯತೊಡಗಿತು. ತೆಗೆಯಲೇಬೇಕಿತ್ತು, ಗೌರಿ ಮತ್ತೆ ಒದ್ದರೆ ಮರಿ ಉಳಿಯುವಂತಿರಲಿಲ್ಲ. ಒಂದು ಬೆಳಿಗ್ಗೆ ಕದಿರೇಶ್ ಗಂಟು ಬಿಚ್ಚಿದರು. ಗೌರಿ ಬರಿಯ ಬೆನ್ನನ್ನು ಬಹಳ ಹೊತ್ತು ಮೂಸಿ ಹಿಂಗಾಲು ಎತ್ತಿತು. ಹಾಗೆಯೇ ಇಳಿಸಿತು. ಮರಿ ಕೆಚ್ಚಲಿಗೆ ಬಾಯಿ ಹಾಕಿದರೂ ಅಲುಗದೆ ನಿಂತಿತು.

ಮರಿ ಉಳಿಯಿತು. ಆದರೆ ಆ ಬೆಳಿಗ್ಗೆ ಗೌರಿ ಕತ್ತು ತಿರುಗಿಸಿ, ನೆಲದ ಮೇಲೆ ಬಿದ್ದಿದ್ದ ತೊಗಲಿನ ಕಡೆಗೆ ಮೆಲ್ಲಗೆ ಕೆನೆಯಿತು. ಕುಡಿಯುತ್ತಿದ್ದ ಮರಿ ಕೆಚ್ಚಲು ಬಿಟ್ಟು ಓಗೊಟ್ಟಿತು.